ರಕ್ತ ತೆಳುವಾಗಿಸುವುದೋ, ಉರಿಯೂತ ಆರಿಸುವುದೋ?

ಮಿದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಎಂಆರ್‌ಐ ವರದಿ ಬಂದರೆ ಹೆಚ್ಚಿನ ನರರೋಗ ತಜ್ಞರ ಕೈ ಮೊದಲು ಬರೆಯುವುದು ರಕ್ತ ತೆಳುಗೊಳಿಸುವ ಹೆಪಾರಿನ್. ಅದರ ಹಿಂದೆ ವಾರ್ಫರಿನ್ ಮಾತ್ರೆ, ಮೂರರಿಂದ ಹನ್ನೆರಡು ತಿಂಗಳು. ಈ ವಿಷಯದಲ್ಲಿ ಈಗ ಜಗಳವೇನೂ ಉಳಿದಿಲ್ಲ. ಆದರೆ ಅದೇ ರೋಗಿಗೆ ಬೆಹ್ಚೆಟ್ ಕಾಯಿಲೆಯೂ ಇದೆ ಎಂದು ತಿಳಿದ ದಿನ ಜಗಳ ಶುರುವಾಗುತ್ತದೆ. ರೂಮಟಾಲಜಿ ವಿಭಾಗದವರು ಬಂದು ನೋಡಿ, ಇದು ಹೆಪ್ಪಿನ ಕಾಯಿಲೆಯಲ್ಲ, ರಕ್ತನಾಳದ ಗೋಡೆಯ ಉರಿಯೂತ, ಮೊದಲು ಸ್ಟೀರಾಯ್ಡ್ ಕೊಡಿ ಎನ್ನುತ್ತಾರೆ. ಹೆಪಾರಿನ್ ಬೇಕೇ ಎಂದು ಕೇಳಿದರೆ ಇಸ್ತಾಂಬುಲ್‌ನಲ್ಲಿ ಒಂದು ಉತ್ತರ, ಪ್ಯಾರಿಸ್‌ನಲ್ಲಿ ಇನ್ನೊಂದು. ಎರಡೂ ಕಡೆ ಇರುವವರು ಈ ಕಾಯಿಲೆಯನ್ನು ದಶಕಗಳಿಂದ ಹತ್ತಿರದಿಂದ ಕಂಡವರೇ.

ಬೆಹ್ಚೆಟ್ ಕಾಯಿಲೆಯ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಇಸ್ತಾಂಬುಲ್‌ನ ಚರ್ಮರೋಗ ತಜ್ಞ ಹುಲುಸಿ ಬೆಹ್ಚೆಟ್ 1937ರಲ್ಲಿ ಮೂರು ಲಕ್ಷಣಗಳನ್ನು ಒಂದೇ ಕಾಯಿಲೆಯ ಮುಖಗಳೆಂದು ಗುರುತಿಸಿ ಬರೆದರು: ಬಾಯಲ್ಲಿ ಮರುಕಳಿಸುವ ಹುಣ್ಣು, ಜನನಾಂಗದ ಹುಣ್ಣು, ಕಣ್ಣಿನ ಮಧ್ಯಪದರದ ಉರಿಯೂತ. ಅವರಿಗಿಂತ ಕೆಲವು ವರ್ಷ ಮೊದಲೇ ಗ್ರೀಸಿನ ನೇತ್ರತಜ್ಞ ಬೆನೆಡಿಕ್ಟೋಸ್ ಅದಮಾಂಟಿಯಾಡಿಸ್ ಇಂಥದ್ದೇ ರೋಗಿಯನ್ನು ವರ್ಣಿಸಿದ್ದರಿಂದ ಇಬ್ಬರ ಹೆಸರನ್ನೂ ಸೇರಿಸಿ ಕರೆಯುವವರಿದ್ದಾರೆ. ಮೆಡಿಟರೇನಿಯನ್ ತೀರದಿಂದ ಇರಾನಿನ ಮೂಲಕ ಚೀನಾ, ಕೊರಿಯಾ, ಜಪಾನಿನವರೆಗೆ, ಹಳೆಯ ರೇಷ್ಮೆ ಮಾರ್ಗದ ಉದ್ದಕ್ಕೂ ಇದು ಹೆಚ್ಚು. ಟರ್ಕಿಯಲ್ಲಿ ಎಲ್ಲಕ್ಕಿಂತ ಹೆಚ್ಚು. ಎಚ್‌ಎಲ್‌ಎ-ಬಿ51 ಎಂಬ ವಂಶವಾಹಿ ರೂಪ ಇರುವವರಲ್ಲಿ ಇದರ ಸಾಧ್ಯತೆ ಏರುತ್ತದೆ. ದೇಹದ ರಕ್ಷಣಾ ಪಡೆ ತನ್ನದೇ ರಕ್ತನಾಳಗಳ ಮೇಲೆ ಬೀಳುವ ಕಾಯಿಲೆ ಇದು. ಅಪಧಮನಿ, ಅಭಿಧಮನಿ, ದೊಡ್ಡದು, ಸಣ್ಣದು ಎಂಬ ಭೇದವಿಲ್ಲ. ಇಪ್ಪತ್ತು, ಮೂವತ್ತರ ಹರೆಯದ ಗಂಡಸರಲ್ಲಿ ಉಗ್ರರೂಪ ತಾಳುವುದು ಹೆಚ್ಚು.

ಮಿದುಳನ್ನು ಇದು ಎರಡು ದಾರಿಯಲ್ಲಿ ಮುಟ್ಟುತ್ತದೆ. ಒಂದು, ಮಿದುಳಿನ ಅಂಗಾಂಶವನ್ನೇ, ವಿಶೇಷವಾಗಿ ಮಿದುಳಕಾಂಡವನ್ನು ಕೆಡಿಸುವುದು. ಇದು ಕ್ರೂರವಾದ ದಾರಿ. ನಡಿಗೆ, ಮಾತು, ನೆನಪು ಎಲ್ಲಕ್ಕೂ ಕುತ್ತು. ಇನ್ನೊಂದು, ಮಿದುಳಿನಿಂದ ರಕ್ತವನ್ನು ಹೊರಗೆ ಸಾಗಿಸುವ ದೊಡ್ಡ ಅಭಿಧಮನಿ ಕಾಲುವೆಗಳಲ್ಲಿ ಹೆಪ್ಪು ಕಟ್ಟುವುದು. ವಿಚಿತ್ರವೆಂದರೆ ಈ ಎರಡೂ ಒಬ್ಬರಲ್ಲೇ ಕಾಣಿಸಿಕೊಳ್ಳುವುದು ಅಪರೂಪ. ನಮ್ಮ ಚರ್ಚೆ ಎರಡನೆಯದರ ಬಗ್ಗೆ.

ಈ ಹೆಪ್ಪು ಸಾಮಾನ್ಯವಾಗಿ ಸಿಡಿಲಿನಂತೆ ಎರಗುವುದಿಲ್ಲ. ವಾರಗಟ್ಟಲೆ ತಲೆನೋವು ಏರುತ್ತ ಹೋಗುತ್ತದೆ. ಬೆಳಗ್ಗೆ ಏಳುವಾಗ, ಬಗ್ಗಿದಾಗ, ಕೆಮ್ಮಿದಾಗ ಜಾಸ್ತಿ. ಆಮೇಲೆ ಕಣ್ಣು ಮಂಜಾಗುತ್ತದೆ ಅಥವಾ ಒಂದು ವಸ್ತು ಎರಡಾಗಿ ಕಾಣುತ್ತದೆ. ಕಣ್ಣಿನ ಒಳಗೆ ಬೆಳಕು ಬಿಟ್ಟು ನೋಡಿದರೆ ದೃಷ್ಟಿನರದ ತುದಿ ಊದಿಕೊಂಡಿರುತ್ತದೆ. ಬೇರೆ ಕಾರಣದಿಂದ ಮಿದುಳಿನ ಅಭಿಧಮನಿ ಕಟ್ಟಿಕೊಂಡವರಲ್ಲಿ ಫಿಟ್ಸ್, ಪಾರ್ಶ್ವವಾಯು, ಮಿದುಳೊಳಗೆ ರಕ್ತಸ್ರಾವ ಹೆಚ್ಚಾಗಿ ಕಂಡುಬರುತ್ತವೆ. ಬೆಹ್ಚೆಟ್ ರೋಗಿಗಳಲ್ಲಿ ಅವು ಕಡಿಮೆ. ತಲೆಬುರುಡೆಯೊಳಗಿನ ಒತ್ತಡ ಏರುವುದೇ ಮುಖ್ಯ. ಟರ್ಕಿಯಲ್ಲಿ ಮಿದುಳಿನ ಅಭಿಧಮನಿ ಹೆಪ್ಪಿನ 1144 ರೋಗಿಗಳನ್ನು ದಾಖಲಿಸಿದ ವೆನೋಸ್ಟ್ ಎಂಬ ದೊಡ್ಡ ಅಧ್ಯಯನದಲ್ಲಿ 108 ಮಂದಿಗೆ, ಅಂದರೆ ಶೇ. 9.4ರಷ್ಟು ಜನರಿಗೆ ಬೆಹ್ಚೆಟ್ ಇತ್ತು. ಉಳಿದವರಿಗಿಂತ ಅವರು ಕಿರಿಯರು, ಗಂಡಸರೇ ಹೆಚ್ಚು. ಬೇರೆಡೆ ಈ ಹೆಪ್ಪು ಹೆಂಗಸರನ್ನು ಕಾಡುವುದೇ ಜಾಸ್ತಿ ಎಂಬುದನ್ನು ನೆನಪಿಟ್ಟರೆ ಈ ವ್ಯತ್ಯಾಸದ ತೂಕ ತಿಳಿಯುತ್ತದೆ.

ಹೆಪಾರಿನ್ ಪರವಾದವರ ವಾದ ಬೆಹ್ಚೆಟ್‌ನಿಂದ ಹುಟ್ಟಿದ್ದಲ್ಲ. ಅದು ಸಾಮಾನ್ಯ ರೋಗಿಗಳಿಂದ ಕಲಿತ ಪಾಠ. 1991ರಲ್ಲಿ ಜರ್ಮನಿಯ ಐನ್‌ಹಾಯ್ಪ್ಲ್ ಮತ್ತು ಸಂಗಡಿಗರು ಮಿದುಳಿನ ಅಭಿಧಮನಿ ಹೆಪ್ಪಿನ ಇಪ್ಪತ್ತು ರೋಗಿಗಳ ಮೇಲೆ ನಡೆಸಿದ ಸಣ್ಣ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಹೆಪಾರಿನ್ ಪಡೆದ ಹತ್ತು ಜನರಲ್ಲಿ ಎಂಟು ಮಂದಿ ಪೂರ್ತಿ ಗುಣವಾಗಿದ್ದರು. ಪಡೆಯದ ಹತ್ತರಲ್ಲಿ ಗುಣವಾದವರು ಒಬ್ಬರು, ಸತ್ತವರು ಮೂವರು. ಮಿದುಳಿನಲ್ಲಿ ರಕ್ತ ಸೋರಿದ್ದವರಿಗೂ ಹೆಪಾರಿನ್ ಅಪಾಯ ತರಲಿಲ್ಲ ಎಂಬುದು ಆಗ ಎಲ್ಲರನ್ನೂ ಬೆರಗಾಗಿಸಿತು. 1999ರಲ್ಲಿ ಬಂದ ಡಚ್ ಪ್ರಯೋಗದ ಫಲಿತಾಂಶ ಅಷ್ಟು ಢಾಳಾಗಿರಲಿಲ್ಲ, ಆದರೆ ವಾಲಿದ್ದು ಹೆಪಾರಿನ್ ಕಡೆಗೇ. ಎರಡೂ ಸೇರಿ ಎಂಬತ್ತು ರೋಗಿಗಳೂ ಆಗುವುದಿಲ್ಲ. ಇಡೀ ಜಗತ್ತಿನ ರೂಢಿ ಇಷ್ಟು ಕಿರಿದಾದ ಅಡಿಪಾಯದ ಮೇಲೆ ನಿಂತಿದೆ. ಆದರೂ ವಾರ್ಡುಗಳ ಅನುಭವ ಅದನ್ನು ಮತ್ತೆ ಮತ್ತೆ ಗಟ್ಟಿ ಮಾಡಿದೆ.

ಆ ಅನುಭವದಲ್ಲಿ ಬೆಂಗಳೂರಿನ ಪಾಲೂ ಇದೆ. ಹೆರಿಗೆಯ ನಂತರದ ವಾರಗಳಲ್ಲಿ ಬಾಣಂತಿಯರ ಮಿದುಳಿನ ಅಭಿಧಮನಿ ಹೆಪ್ಪುಗಟ್ಟುವುದು ನಮ್ಮಲ್ಲಿ ದಶಕಗಳಿಂದ ಕಂಡ ದುರಂತ. ನಿಮ್ಹಾನ್ಸ್‌ನಲ್ಲಿ ಡಾ. ಡಿ. ನಾಗರಾಜ ಮತ್ತು ಅವರ ತಂಡ ಇಂಥ ಬಾಣಂತಿಯರಿಗೆ ಕಡಿಮೆ ಪ್ರಮಾಣದ ಹೆಪಾರಿನ್ ಕೊಟ್ಟು ಅದರ ಪ್ರಯೋಜನವನ್ನು ತೋರಿಸಿಕೊಟ್ಟರು. ಹೀಗಾಗಿ ಈ ಹೆಪ್ಪನ್ನು ಕಂಡೊಡನೆ ರಕ್ತ ತೆಳುಗೊಳಿಸಬೇಕು ಎಂಬುದು ನಮ್ಮ ವೈದ್ಯರಿಗೆ ಪುಸ್ತಕದ ಮಾತಾಗಿ ಉಳಿದಿಲ್ಲ. ಕಣ್ಣೆದುರು ಎದ್ದು ಕೂತ ತಾಯಂದಿರನ್ನು ನೋಡಿ ಬಂದ ನಂಬಿಕೆ ಅದು.

ಇದೇ ಸಾಮಾನ್ಯ ರೋಗಿಗಳಲ್ಲಿ ಸ್ಟೀರಾಯ್ಡ್ ಏನು ಮಾಡುತ್ತದೆ? 2004ರಲ್ಲಿ ಪೋರ್ಚುಗಲ್‌ನ ಜೋಸೆ ಫೆರೋ ಮುಂದಾಳತ್ವದಲ್ಲಿ 624 ರೋಗಿಗಳ ಅಂತರರಾಷ್ಟ್ರೀಯ ಅಧ್ಯಯನ ಪ್ರಕಟವಾಯಿತು. ಅದೇ ರೋಗಿಗಳ ದಾಖಲೆಯನ್ನು 2008ರಲ್ಲಿ ಮತ್ತೆ ಜಾಲಾಡಿದಾಗ ಸ್ಟೀರಾಯ್ಡ್ ಪಡೆದ 150 ಮಂದಿಗೆ ಅದರಿಂದ ಒಳಿತಾದ ಕುರುಹು ಸಿಗಲಿಲ್ಲ. ಮಿದುಳಿನ ಅಂಗಾಂಶಕ್ಕೆ ಹಾನಿಯಾಗದಿದ್ದವರಲ್ಲಿ ಕೆಡುಕೇ ಹೆಚ್ಚಾದಂತೆ ಕಂಡಿತು. ಸ್ಟೀರಾಯ್ಡ್ ಎಂದೊಡನೆ ನರರೋಗ ತಜ್ಞರು ಹುಬ್ಬುಗಂಟಿಕ್ಕುವುದಕ್ಕೆ ಹೀಗೆ ಗಟ್ಟಿಯಾದ ಕಾರಣವೇ ಇದೆ. ಅವರನ್ನು ಹಠಮಾರಿಗಳೆನ್ನುವುದು ಅನ್ಯಾಯ.

ಈಗ ಇಸ್ತಾಂಬುಲ್ ಕಡೆಗೆ ಬರೋಣ. ಅಲ್ಲಿನ ಜೆರ್ರಾಹ್‌ಪಾಶಾ ವೈದ್ಯಕೀಯ ಕಾಲೇಜಿನಲ್ಲಿ ಹಸನ್ ಯಾಜಿಜಿ ಮತ್ತು ಅವರ ಸಹೋದ್ಯೋಗಿಗಳು ಬೆಹ್ಚೆಟ್‌ಗೆಂದೇ ಕ್ಲಿನಿಕ್ ಕಟ್ಟಿ ನೂರಾರು ರೋಗಿಗಳನ್ನು ಇಪ್ಪತ್ತು ವರ್ಷಗಳವರೆಗೆ ಬೆನ್ನುಹತ್ತಿ ನೋಡಿದರು. 1990ರಲ್ಲಿ, ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಅಜಥಯೋಪ್ರಿನ್ ಎಂಬ ಔಷಧ ಈ ಕಾಯಿಲೆಯಲ್ಲಿ ಕಣ್ಣನ್ನು ಉಳಿಸುತ್ತದೆ ಎಂದು ನಿಯಂತ್ರಿತ ಪ್ರಯೋಗದಿಂದ ತೋರಿಸಿಕೊಟ್ಟವರು ಅವರೇ. ಅವರ ವಾದ ಹೀಗಿದೆ. ಬೆಹ್ಚೆಟ್‌ನಲ್ಲಿ ಹೆಪ್ಪು ಕಟ್ಟುವುದಕ್ಕೆ ರಕ್ತ ಗಟ್ಟಿಯಾಗಿರುವುದು ಕಾರಣವಲ್ಲ. ನಾಳದ ಗೋಡೆ ಉರಿಯುತ್ತಿದೆ, ಆ ಉರಿಯ ಮೇಲೆ ರಕ್ತ ಕಟ್ಟುತ್ತಿದೆ. ಅದಕ್ಕೇ ಈ ಹೆಪ್ಪು ಪಾತ್ರೆಯ ತಳ ಹಿಡಿದ ಅನ್ನದಂತೆ ಗೋಡೆಗೆ ಕಚ್ಚಿಕೊಂಡಿರುತ್ತದೆ, ಕಳಚಿಕೊಂಡು ಶ್ವಾಸಕೋಶಕ್ಕೆ ಹಾರುವುದು ಬಹಳ ಅಪರೂಪ. ಕಾಲಿನ ಅಭಿಧಮನಿ ಕಟ್ಟಿದಾಗ ನಾವು ರಕ್ತ ತೆಳುಗೊಳಿಸುವುದೇ ಹೆಪ್ಪು ಹಾರೀತೆಂಬ ಭಯಕ್ಕೆ. ಆ ಭಯವೇ ಇಲ್ಲದ ಕಡೆ ವಾರ್ಫರಿನ್‌ಗೆ ಏನು ಕೆಲಸ?

ಪ್ರಯೋಗಾಲಯವೂ ಈ ಮಾತಿಗೆ ಬೆಂಬಲ ಕೊಟ್ಟಿದೆ. 2016ರಲ್ಲಿ ಇಟಲಿಯ ಫ್ಲಾರೆನ್ಸಿನ ತಂಡವೊಂದು ಬೆಹ್ಚೆಟ್ ರೋಗಿಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕೆರಳಿ ಫೈಬ್ರಿನೋಜನ್ ಪ್ರೋಟೀನನ್ನು ಆಕ್ಸಿಡೀಕರಿಸುತ್ತವೆ, ಹಾಗೆ ಬದಲಾದ ಫೈಬ್ರಿನ್ ಜಾಲ ಸುಲಭಕ್ಕೆ ಕರಗದೆ ಉಳಿಯುತ್ತದೆ ಎಂದು ತೋರಿಸಿತು. ಹೆಪಾರಿನ್ ಹೊಸ ಜಾಲ ಹೆಣೆಯುವುದನ್ನು ತಡೆಯಬಹುದು. ಜಾಲವನ್ನು ಕೆಡಿಸುತ್ತಿರುವ ಬಿಳಿಕಣಗಳನ್ನು ತಣಿಸುವ ಶಕ್ತಿ ಅದಕ್ಕಿಲ್ಲ.

ಮರುಕಳಿಕೆಯ ಲೆಕ್ಕ ಇನ್ನೂ ಜೋರಾದದ್ದು. 2008ರಲ್ಲಿ ಕೊರಿಯಾದಿಂದ ಬಂದ ವರದಿಯಲ್ಲಿ, ಅಭಿಧಮನಿ ಹೆಪ್ಪಿಗೆ ರಕ್ತ ತೆಳುಗೊಳಿಸುವ ಔಷಧವನ್ನಷ್ಟೇ ಪಡೆದ ನಾಲ್ವರಲ್ಲಿ ಮೂವರಿಗೆ ಮತ್ತೆ ಹೆಪ್ಪು ಕಟ್ಟಿತು. ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಔಷಧ ಪಡೆದ ಹದಿನಾರರಲ್ಲಿ ಇಬ್ಬರಿಗೆ, ಎರಡನ್ನೂ ಪಡೆದ ಹದಿನೇಳರಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ನಾಲ್ಕು ಜನರ ಗುಂಪಿನಿಂದ ಯಾವ ತೀರ್ಪನ್ನೂ ಕೊಡಲಾಗದು, ಒಪ್ಪೋಣ. ಆದರೆ 2012ರಲ್ಲಿ ಫ್ರಾನ್ಸಿನಿಂದಲೇ ಬಂದ 807 ರೋಗಿಗಳ ಅಧ್ಯಯನವನ್ನು ಹಾಗೆ ತಳ್ಳಿಹಾಕುವಂತಿಲ್ಲ. ಅವರಲ್ಲಿ 296 ಮಂದಿಗೆ ಅಭಿಧಮನಿ ಹೆಪ್ಪು ಇತ್ತು, ಹೆಚ್ಚುಕಡಿಮೆ ಎಲ್ಲರೂ ರಕ್ತ ತೆಳುಗೊಳಿಸುವ ಔಷಧ ಪಡೆಯುತ್ತಿದ್ದರು. ಹಾಗಿದ್ದರೂ ಮೂರರಲ್ಲಿ ಒಬ್ಬರಿಗೆ ಹೆಪ್ಪು ಮರುಕಳಿಸಿತು. ರೋಗನಿರೋಧಕ ಪ್ರತಿಕ್ರಿಯೆ ತಗ್ಗಿಸುವ ಔಷಧವನ್ನೂ ಪಡೆದವರಲ್ಲಿ ಮರುಕಳಿಕೆಯ ಅಪಾಯ ಸುಮಾರು ಕಾಲು ಭಾಗಕ್ಕೆ ಇಳಿದಿತ್ತು. ಮತ್ತೆ ಹೆಪ್ಪಾಗದಂತೆ ಕಾಯುವುದು ಯಾವ ಔಷಧ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ಮರ್ಮರಾ ವಿಶ್ವವಿದ್ಯಾಲಯದ ಹಾನೆರ್ ಡಿರೆಸ್ಕೆನೆಲಿ ಅವರ ತಂಡವೂ ಹಲವು ಕೇಂದ್ರಗಳ ರೋಗಿಗಳನ್ನು ನೋಡಿ, ಆ ಔಷಧಗಳ ಜೊತೆಗೆ ರಕ್ತ ತೆಳುಗೊಳಿಸುವುದನ್ನು ಸೇರಿಸಿದ್ದರಿಂದ ಮರುಕಳಿಕೆ ತಗ್ಗಿದ್ದು ಕಾಣಲಿಲ್ಲ ಎಂದಿತು.

ಇನ್ನು ಟರ್ಕಿಯ ವೈದ್ಯರ ಭಯದ ಮೂಲ. ಅದನ್ನು ಅರಿಯದೆ ಈ ಚರ್ಚೆಯನ್ನು ತೂಗಲಾಗದು. ಬೆಹ್ಚೆಟ್ ರೋಗಿಗಳಲ್ಲಿ ಕೆಲವರಿಗೆ ಶ್ವಾಸಕೋಶಕ್ಕೆ ಹೋಗುವ ಅಪಧಮನಿ ಬಲೂನಿನ ಹಾಗೆ ಉಬ್ಬುತ್ತದೆ. ಅದು ಒಡೆದರೆ ಕೆಮ್ಮಿನಲ್ಲಿ ರಕ್ತ. ಆ ರಕ್ತ ಕೆಲವೇ ನಿಮಿಷಗಳಲ್ಲಿ ಜೀವ ತೆಗೆಯಬಲ್ಲದು. 1994ರಲ್ಲಿ ಜೆರ್ರಾಹ್‌ಪಾಶಾದವರು ವರದಿ ಮಾಡಿದ ಇಂಥ 24 ರೋಗಿಗಳಲ್ಲಿ ಅರ್ಧದಷ್ಟು ಮಂದಿ ಬದುಕಲಿಲ್ಲ. ಈ ಉಬ್ಬು ಅಭಿಧಮನಿ ಹೆಪ್ಪು ಇರುವವರಲ್ಲೇ ಹೆಚ್ಚು. 1959ರಲ್ಲೇ ಹ್ಯೂಸ್ ಮತ್ತು ಸ್ಟೋವಿನ್ ಎಂಬ ಬ್ರಿಟಿಷ್ ವೈದ್ಯರು ಎರಡೂ ಜೊತೆಗೂಡಿ ಬರುವುದನ್ನು ಗುರುತಿಸಿದ್ದರು. ಎದೆಯಲ್ಲಿ ಒಡೆಯಲು ಕಾದಿರುವ ಉಬ್ಬು ಇದೆ, ತಲೆಯಲ್ಲಿ ಹೆಪ್ಪು ಇದೆ. ತಲೆಯನ್ನಷ್ಟೇ ನೋಡಿ ಪೂರ್ಣ ಪ್ರಮಾಣದ ಹೆಪಾರಿನ್ ಹರಿಸಿದರೆ ಏನಾಗಬಹುದು ಎಂಬುದನ್ನು ಕಣ್ಣಾರೆ ಕಂಡವರು ಆಮೇಲೆ ಆ ಔಷಧವನ್ನು ಬರೆಯುವ ಮುನ್ನ ಕೈ ತಡೆಯುತ್ತಾರೆ. ಅವರ ಜಾಗದಲ್ಲಿ ಯಾರಿದ್ದರೂ ತಡೆಯುತ್ತಿದ್ದರು.

ಪ್ಯಾರಿಸ್ಸಿನ ಪಿಟಿಯೆ-ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಚಿತ್ರ ಬೇರೆ. ಬರ್ಟ್ರಾಂ ವೆಶ್ಲರ್ 1992ರಲ್ಲೇ ಬೆಹ್ಚೆಟ್‌ನ ಮಿದುಳು ಅಭಿಧಮನಿ ಹೆಪ್ಪಿನ 25 ರೋಗಿಗಳ ಬಗ್ಗೆ ಬರೆದಿದ್ದರು. 2009ರಲ್ಲಿ ಡೇವಿಡ್ ಸಾದೂನ್ ಮತ್ತು ವೆಶ್ಲರ್ ತಂಡ 820 ಬೆಹ್ಚೆಟ್ ರೋಗಿಗಳಲ್ಲಿ ಈ ಹೆಪ್ಪು ಕಂಡ 64 ಜನರ ಕಥೆಯನ್ನು ಮುಂದಿಟ್ಟಿತು. ಅವರಲ್ಲಿ ಶೇ. 90ರವರೆಗಿನ ರೋಗಿಗಳು ರಕ್ತ ತೆಳುಗೊಳಿಸುವ ಚಿಕಿತ್ಸೆಗೆ ಸ್ಪಂದಿಸಿದರು, ತೀವ್ರ ರಕ್ತಸ್ರಾವದ ತೊಂದರೆ ಎದುರಾಗಲಿಲ್ಲ. ಪ್ಯಾರಿಸ್‌ನವರು ಎತ್ತಿ ಹಿಡಿಯುವುದು ಈ ಮಾತನ್ನೇ: ನೀವು ಹೆದರುವ ರಕ್ತಸ್ರಾವ ನಮಗೆ ಕಂಡಿಲ್ಲ, ನೀವು ಬಿಟ್ಟುಬಿಡಿ ಎನ್ನುವ ಔಷಧದಿಂದ ನಮ್ಮವರು ಚೇತರಿಸಿಕೊಂಡಿದ್ದಾರೆ.

ಈ ಅಧ್ಯಯನದ ಬಲಹೀನತೆ ಎಲ್ಲಿದೆ ಎಂದರೆ, ಆ ರೋಗಿಗಳಲ್ಲಿ ಬಹುಪಾಲು ಜನರಿಗೆ ಸ್ಟೀರಾಯ್ಡ್ ಕೂಡ ಸಿಕ್ಕಿತ್ತು. ಗುಣಕ್ಕೆ ಯಾವುದು ಕಾರಣ ಎಂದು ಬಿಡಿಸಿ ಹೇಳುವುದು ಹೇಗೆ? ಟರ್ಕಿಯಲ್ಲಿ ಸ್ಟೀರಾಯ್ಡ್ ಒಂದರಿಂದಲೇ ಗುಣವಾದವರ ಪಟ್ಟಿಯೂ ಉದ್ದವಿದೆ. ಬೆಹ್ಚೆಟ್‌ನ ಈ ಹೆಪ್ಪು ಮೂಲತಃ ಸೌಮ್ಯ ಸ್ವಭಾವದ್ದಾಗಿರುವುದರಿಂದ ಏನು ಕೊಟ್ಟರೂ ಹೆಚ್ಚಿನವರು ಎದ್ದು ಓಡಾಡುತ್ತಾರೆ ಎಂಬ ಸಾಧ್ಯತೆಯನ್ನೂ ತಳ್ಳಿಹಾಕಲಾಗದು.

ಆದರೆ ಅದೇ ಅಧ್ಯಯನದ ಒಳಗೆ, ತಲೆಬರಹದ ಕೆಳಗೆ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮೂರು ಸಂಗತಿಗಳಿವೆ. ಒಂದು, ಶೇ. 15ರಷ್ಟು ಜನರಿಗೆ ದೃಷ್ಟಿನರ ಬತ್ತಿ ತೀವ್ರವಾಗಿ ಕಣ್ಣು ಹೋಯಿತು. ಸೌಮ್ಯವೆಂದು ನಾವು ಕರೆಯುತ್ತಿರುವ ಕಾಯಿಲೆ ಆರೇಳು ಜನ ತರುಣರಲ್ಲಿ ಒಬ್ಬರ ಬೆಳಕನ್ನು ಕಸಿದಿದೆ. ಮೊದಲ ಪರೀಕ್ಷೆಯಲ್ಲೇ ದೃಷ್ಟಿನರದ ಊತ ಇದ್ದವರಿಗೆ ಶಾಶ್ವತ ಹಾನಿಯ ಸಾಧ್ಯತೆ ಏಳು ಪಟ್ಟು ಹೆಚ್ಚಿತ್ತು. ಎರಡು, ಹೆಪ್ಪು ಕಟ್ಟುವ ಗುಣವನ್ನು ಹೆಚ್ಚಿಸುವ ಬೇರೆ ಕಾರಣವೂ ಜೊತೆಗಿದ್ದವರಲ್ಲಿ ಹಾನಿಯೂ ಮರುಕಳಿಕೆಯೂ ಸುಮಾರು ಐದು ಪಟ್ಟು ಏರಿದ್ದವು. ಮೂರು, ಈ ರೋಗಿಗಳಲ್ಲಿ ಶೇ. 62.5ರಷ್ಟು ಮಂದಿಗೆ ಮಿದುಳಿನ ಹೊರಗೂ ರಕ್ತನಾಳದ ತೊಂದರೆ ಇತ್ತು.

ಎರಡೂ ಪಕ್ಷಗಳು ಜಗಳವಾಡುತ್ತ ಮರೆಯುತ್ತಿರುವುದು ಈ ಮೂರನ್ನು ಎಂದು ನನಗನಿಸುತ್ತದೆ. ಇಸ್ತಾಂಬುಲ್‌ನವರು ನೆಚ್ಚಿಕೊಂಡ ಅಂಕಿಗಳು ಬಹುಮಟ್ಟಿಗೆ ಕಾಲಿನ ಅಭಿಧಮನಿಯಿಂದ ಬಂದವು. ಕಾಲಿನಲ್ಲಿ ಹೆಪ್ಪು ಕರಗುವುದು ಎರಡು ವಾರ ತಡವಾದರೆ ಊತ ಎರಡು ವಾರ ಇರುತ್ತದೆ. ತಲೆಬುರುಡೆ ಮುಚ್ಚಿದ ಪೆಟ್ಟಿಗೆ, ಅಲ್ಲಿ ರಕ್ತ ಹೊರಹೋಗುವ ದಾರಿ ಎರಡು ವಾರ ಕಟ್ಟಿಕೊಂಡರೆ ಒತ್ತಡ ಬೀಳುವುದು ದೃಷ್ಟಿನರದ ಮೇಲೆ. ಹೆಪ್ಪು ಶ್ವಾಸಕೋಶಕ್ಕೆ ಹಾರುವುದಿಲ್ಲ ಎಂಬುದು ನಿಜ, ಆದರೆ ಇಲ್ಲಿ ಅದು ಇದ್ದಲ್ಲೇ ಇದ್ದು ಬೆಳೆದರೂ ಸಾಕು. ಕಾಲಿನ ಪಾಠವನ್ನು ತಲೆಗೆ ಹಾಗೆಯೇ ಹಚ್ಚುವುದು ಸರಿಯಲ್ಲ.

ಹಾಗೆಯೇ ಪ್ಯಾರಿಸ್‌ನವರ ನೂರಕ್ಕೆ ತೊಂಬತ್ತು ಎಂಬ ಅಂಕಿಯನ್ನು ಹಿಡಿದು ಬೇರೆಡೆಯ ವೈದ್ಯರು ಎದೆಯ ಸ್ಕ್ಯಾನ್ ಮಾಡದೆ ಹೆಪಾರಿನ್ ಹರಿಸಿದರೆ ಅದೂ ಅಷ್ಟೇ ದೊಡ್ಡ ತಪ್ಪು. ಮಿದುಳಿನ ಹೊರಗೂ ನಾಳದ ತೊಂದರೆ ಇರುವವರೇ ಅರ್ಧಕ್ಕಿಂತ ಹೆಚ್ಚು ಎಂದ ಮೇಲೆ, ಶ್ವಾಸಕೋಶದ ಅಪಧಮನಿ ಉಬ್ಬಿಲ್ಲ ಎಂದು ಖಚಿತಪಡಿಸಿಕೊಳ್ಳುವುದು ಹೆಪಾರಿನ್‌ನ ಮೊದಲ ಹೆಜ್ಜೆಯೇ ಆಗಬೇಕು.

ಹೆಪ್ಪು ಕಟ್ಟುವ ಬೇರೆ ಕಾರಣಗಳ ಬಗ್ಗೆ ಒಂದಿಷ್ಟು ಹೇಳಬೇಕು. 1996ರಲ್ಲಿ ಅಹ್ಮೆತ್ ಗುಲ್ ಮತ್ತಿತರರು ಟರ್ಕಿಯ ಬೆಹ್ಚೆಟ್ ರೋಗಿಗಳಲ್ಲಿ ಫ್ಯಾಕ್ಟರ್ 5 ಲೈಡನ್ ಎಂಬ ವಂಶವಾಹಿ ದೋಷ ಇದ್ದವರಿಗೆ ಅಭಿಧಮನಿ ಹೆಪ್ಪಿನ ಅಪಾಯ ಹೆಚ್ಚು ಎಂದು ತೋರಿಸಿದ್ದರು. ಗರ್ಭನಿರೋಧಕ ಮಾತ್ರೆ, ಬಾಣಂತನ, ರಕ್ತದಲ್ಲಿ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳು ಇಂಥವೇ. ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಕೂಡ ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಕಾಯಿಲೆ, ಅದರಲ್ಲೂ ಮಿದುಳಿನ ಅಭಿಧಮನಿ ಕಟ್ಟಬಹುದು. ಆದರೆ ಅಲ್ಲಿ ನಿಜಕ್ಕೂ ರಕ್ತವೇ ಹೆಪ್ಪುಗಟ್ಟುವ ಗುಣ ಪಡೆದಿರುತ್ತದೆ. ವಾರ್ಫರಿನ್ ಜೀವಮಾನವಿಡೀ ಬೇಕಾಗಬಹುದು, ಅದನ್ನು ಬಿಟ್ಟು ಸ್ಟೀರಾಯ್ಡ್ ನೆಚ್ಚಿದರೆ ರೋಗಿ ಕೆಡುತ್ತಾನೆ. ಎರಡು ಕಾಯಿಲೆಗಳ ಎಂಆರ್‌ಐ ಚಿತ್ರ ಒಂದೇ ರೀತಿ ಇದ್ದರೂ ಚಿಕಿತ್ಸೆಯ ಹಾದಿ ಎದುರುಬದುರು. ಸ್ವಯಂನಿರೋಧಕ ಕಾಯಿಲೆ ಎಂಬ ಒಂದೇ ಹಣೆಪಟ್ಟಿ ಹಚ್ಚಿ ಎಲ್ಲರಿಗೂ ಒಂದೇ ಮದ್ದು ಎನ್ನುವವರನ್ನು ನಂಬಬೇಡಿ.

ಸ್ಟೀರಾಯ್ಡ್ ಪಕ್ಷಕ್ಕೆ ಇರುವ ಅತಿ ಕಠಿಣ ಪ್ರಶ್ನೆಯೂ ಇಲ್ಲೇ ಹುಟ್ಟುವುದು: ಇದು ಬೆಹ್ಚೆಟ್ ಎಂದು ನಿಮಗೆ ಖಾತ್ರಿಯೇ? ಈ ಕಾಯಿಲೆಗೆ ರಕ್ತಪರೀಕ್ಷೆ ಇಲ್ಲ. 1990ರ ಅಂತರರಾಷ್ಟ್ರೀಯ ಮಾನದಂಡದಂತೆ, ಹನ್ನೆರಡು ತಿಂಗಳಲ್ಲಿ ಕನಿಷ್ಠ ಮೂರು ಬಾರಿ ಬಾಯಿಹುಣ್ಣು ಬಂದಿರಬೇಕು. ಜೊತೆಗೆ ಜನನಾಂಗದ ಹುಣ್ಣು, ಕಣ್ಣಿನ ಉರಿಯೂತ, ಚರ್ಮದ ಗಾಯಗಳು, ಸೂಜಿ ಚುಚ್ಚಿದಲ್ಲಿ ಗುಳ್ಳೆ ಏಳುವ ಪ್ಯಾಥರ್ಜಿ ಪರೀಕ್ಷೆ, ಇವುಗಳಲ್ಲಿ ಎರಡಾದರೂ ಇರಬೇಕು. ಆ ಸೂಜಿ ಪರೀಕ್ಷೆ ಟರ್ಕಿಯಲ್ಲಿ ಸುಲಭವಾಗಿ ಪಾಸಿಟಿವ್ ಬರುತ್ತದೆ, ಉತ್ತರ ಯೂರೋಪಿನಲ್ಲಿ ಅಪರೂಪಕ್ಕೆ. ಕೆಲವರಲ್ಲಿ ಮಿದುಳಿನ ಹೆಪ್ಪೇ ಕಾಯಿಲೆಯ ಮೊದಲ ಗುರುತು. ಹುಣ್ಣುಗಳು ಆಮೇಲೆ ಬರುತ್ತವೆ. ಅಂಥ ರೋಗಿಗೆ ಆಸ್ಪತ್ರೆಯ ಮೊದಲ ರಾತ್ರಿ ಹೆಪಾರಿನ್ ಶುರು ಮಾಡಿದವರನ್ನು ಯಾರೂ ದೂರಲಾಗದು.

ನಮ್ಮ ದೇಶದಲ್ಲಿ ಈ ಪ್ರಶ್ನೆ ಇನ್ನಷ್ಟು ಚೂಪಾಗುತ್ತದೆ. ಇಲ್ಲಿ ಮಿದುಳಿನ ಅಭಿಧಮನಿ ಕಟ್ಟುವುದಕ್ಕೆ ಕಿವಿ, ಮೂಗು, ಮುಖದ ಸೋಂಕೂ ಕಾರಣವಾಗಬಹುದು. ಶಿಲೀಂಧ್ರ ಸೋಂಕಿಗೆ ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಕೊಟ್ಟರೆ ಏನಾಗುತ್ತದೆ ಎಂಬುದನ್ನು 2021ರ ಕಪ್ಪು ಶಿಲೀಂಧ್ರದ ದಿನಗಳಲ್ಲಿ ನಾವೇ ಕಂಡಿದ್ದೇವೆ. ದೇಹದಲ್ಲಿ ಅಡಗಿ ಕೂತ ಕ್ಷಯ ಸ್ಟೀರಾಯ್ಡ್‌ನಿಂದ ಎಚ್ಚರಗೊಳ್ಳಬಹುದು. ಇನ್‌ಫ್ಲಿಕ್ಸಿಮಾಬ್‌ನಂಥ ಔಷಧಕ್ಕೆ ಹೋದರೆ ಆ ಅಪಾಯ ಇನ್ನೂ ಹೆಚ್ಚು. ಸಕ್ಕರೆ ಏರುವುದು, ಸೊಂಟದ ಮೂಳೆ ಸಾಯುವುದು ಇವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಉರಿಯೂತ ಆರಿಸುವವರು ರಕ್ತಸ್ರಾವವನ್ನು ಅಪಾಯವೆನ್ನುವಾಗ ತಮ್ಮ ಔಷಧದ ಅಪಾಯವನ್ನೂ ಅದೇ ತಕ್ಕಡಿಗೆ ಹಾಕಬೇಕು.

ಯೂರೋಪಿನ ರೂಮಟಾಲಜಿ ಒಕ್ಕೂಟದ ಶಿಫಾರಸುಗಳನ್ನು ಓದಿದರೆ ಈ ಜಗ್ಗಾಟದ ಗುರುತು ಎದ್ದು ಕಾಣುತ್ತದೆ. 2008ರಲ್ಲಿ ಮಿದುಳಿನ ಅಭಿಧಮನಿ ಹೆಪ್ಪಿಗೆ ಸ್ಟೀರಾಯ್ಡ್ ಎಂದಷ್ಟೇ ಬರೆದಿದ್ದರು. ಜೆರ್ರಾಹ್‌ಪಾಶಾದ ಗುಲೆನ್ ಹಾತೆಮಿ ಮುಂದಾಳತ್ವದಲ್ಲಿ 2018ರಲ್ಲಿ ಪರಿಷ್ಕರಿಸಿದಾಗ, ಮೊದಲ ಬಾರಿ ಬಂದ ಹೆಪ್ಪಿಗೆ ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಕೊಟ್ಟು ಮೆಲ್ಲಗೆ ಇಳಿಸಿ, ಸ್ವಲ್ಪ ಕಾಲ ರಕ್ತ ತೆಳುಗೊಳಿಸುವ ಔಷಧ ಸೇರಿಸಬಹುದು, ದೇಹದ ಬೇರೆಡೆಯ ರಕ್ತನಾಳಗಳನ್ನು ತಪ್ಪದೆ ಪರೀಕ್ಷಿಸಿ ಎಂದರು. ಟರ್ಕಿಯ ವೈದ್ಯೆಯೊಬ್ಬರ ಮುಂದಾಳತ್ವದ ದಾಖಲೆಯಲ್ಲೇ ಹೆಪಾರಿನ್‌ಗೆ ಬಾಗಿಲು ತೆರೆದದ್ದು ಸಣ್ಣ ಸಂಗತಿಯಲ್ಲ. ಎದುರು ಪಕ್ಷದ ಸಾಕ್ಷ್ಯಕ್ಕೆ ಕಿವಿಗೊಟ್ಟ ಪ್ರಾಮಾಣಿಕತೆ ಅದು, ನನಗೆ ಅದರ ಮೇಲೆ ಗೌರವವಿದೆ. ಆದರೂ ಆ ಸಾಲುಗಳು ಪ್ರಯೋಗದಿಂದ ಬಂದವಲ್ಲ, ಅನುಭವಿಗಳ ಸಹಮತದಿಂದ ಬಂದವು.

ಅದಕ್ಕಾಗಿ ನನ್ನ ನಿಲುವನ್ನು ಬಿಚ್ಚಿಯೇ ಹೇಳುತ್ತೇನೆ. ಬೆಹ್ಚೆಟ್ ಎಂದು ಗುರುತಾದ ಮೇಲೆ ಸ್ಟೀರಾಯ್ಡ್ ಬಿಟ್ಟು ಹೆಪಾರಿನ್ ಒಂದನ್ನೇ ಕೊಡುವುದಕ್ಕೆ ಸಮರ್ಥನೆ ಇಲ್ಲ. ಕೆಲವು ದಿನ ರಕ್ತನಾಳದ ಮೂಲಕ ಮೀಥೈಲ್ ಪ್ರೆಡ್ನಿಸೊಲೋನ್, ಆಮೇಲೆ ತಿಂಗಳುಗಟ್ಟಲೆ ಇಳಿಸುತ್ತ ಹೋಗುವ ಮಾತ್ರೆ, ಮರುಕಳಿಕೆ ತಡೆಯಲು ಅಜಥಯೋಪ್ರಿನ್: ಚಿಕಿತ್ಸೆಯ ಬೆನ್ನೆಲುಬು ಇದು. ಸೈಕ್ಲೋಸ್ಪೊರಿನ್ ಕಣ್ಣಿಗೆ ಒಳ್ಳೆಯದಾದರೂ ಮಿದುಳನ್ನು ಮುಟ್ಟಿದ ಬೆಹ್ಚೆಟ್‌ನಲ್ಲಿ ಅದನ್ನು ದೂರವಿಡಬೇಕು. ಎದೆಯ ಸಿಟಿ ಆಂಜಿಯೋಗ್ರಾಂನಲ್ಲಿ ಉಬ್ಬು ಕಾಣದಿದ್ದರೆ, ದೃಷ್ಟಿನರ ಊದಿದ್ದರೆ ಅಥವಾ ಹೆಪ್ಪಿಗೆ ಬೇರೆ ಕಾರಣವೂ ಜೊತೆಗಿದ್ದರೆ, ಕೆಲವು ತಿಂಗಳು ರಕ್ತ ತೆಳುಗೊಳಿಸುವುದು ಒಳ್ಳೆಯದು. ಇಲ್ಲಿ ನಾನು ಪ್ಯಾರಿಸ್‌ನವರ ಕಡೆ. ಕಣ್ಣು ಹೋದ ಮೇಲೆ ತಿದ್ದಿಕೊಳ್ಳಲು ಅವಕಾಶವಿಲ್ಲ, ರಕ್ತ ತೆಳುಗೊಳಿಸುವ ಔಷಧವನ್ನಾದರೆ ನಾಳೆ ನಿಲ್ಲಿಸಬಹುದು. ಉಬ್ಬು ಕಂಡರೆ ಇಸ್ತಾಂಬುಲ್‌ನವರ ಮಾತು ಕೇಳಬೇಕು. ತಲೆನೋವಷ್ಟೇ ಇದ್ದು ಕಣ್ಣು ಚೆನ್ನಾಗಿರುವ, ಬೇರೆ ಅಪಾಯವಿಲ್ಲದ ರೋಗಿಗೆ ಸ್ಟೀರಾಯ್ಡ್ ಒಂದೇ ಸಾಕು ಎಂದು ತೀರ್ಮಾನಿಸುವ ವೈದ್ಯರೂ ತಪ್ಪು ಮಾಡುತ್ತಿಲ್ಲ. ವರ್ಷಾನುಗಟ್ಟಲೆ ವಾರ್ಫರಿನ್ ನುಂಗಿಸುವುದಕ್ಕೆ ಮಾತ್ರ ಬೆಹ್ಚೆಟ್ ಒಂದೇ ಕಾರಣವಾಗಿದ್ದರೆ ನನಗೆ ಆಧಾರ ಕಾಣುವುದಿಲ್ಲ.

ಎರಡು ಔಷಧಗಳ ಚರ್ಚೆಯಲ್ಲಿ ಮೂರನೆಯದು ಮರೆಯಾಗುತ್ತದೆ. ಒತ್ತಡ ಇಳಿಸುವ ಅಸೆಟಜೋಲಮೈಡ್, ಬೇಕಾದರೆ ಬೆನ್ನಿನಿಂದ ಮಿದುಳುದ್ರವ ತೆಗೆಯುವುದು, ಕಣ್ಣು ಕುಸಿಯುತ್ತಿದ್ದರೆ ದೃಷ್ಟಿನರದ ಪೊರೆಯನ್ನು ಕೊಯ್ದು ಒತ್ತಡ ಬಿಡಿಸುವ ಶಸ್ತ್ರಚಿಕಿತ್ಸೆ, ಇವೆಲ್ಲ ಯಾವ ಪಕ್ಷಕ್ಕೂ ಸೇರಿದವಲ್ಲ. ಬೆನ್ನಿಗೆ ಸೂಜಿ ಹಾಕುವ ಯೋಚನೆ ಇದ್ದರೆ ಹೆಪಾರಿನ್‌ನ ಹೊತ್ತನ್ನು ಹೊಂದಿಸಿಕೊಳ್ಳಬೇಕು, ಅಷ್ಟೇ. ವಾರಕ್ಕೊಮ್ಮೆ ನೇತ್ರತಜ್ಞರು ದೃಷ್ಟಿಯ ಹರವನ್ನು ಅಳೆಯದೆ ಹೋದರೆ ಉಳಿದ ಇಬ್ಬರು ತಜ್ಞರ ಜಗಳದಲ್ಲಿ ಗೆದ್ದವರು ಯಾರಾದರೂ ರೋಗಿ ಸೋಲುತ್ತಾನೆ.

ಓದುಗರಲ್ಲಿ ಯಾರಿಗಾದರೂ, ಅಥವಾ ಮನೆಯವರಿಗೆ, ವರ್ಷಕ್ಕೆ ಹಲವು ಬಾರಿ ಬಾಯಿಹುಣ್ಣು ಬರುತ್ತಿದ್ದು ಈಗ ವಾರಗಳಿಂದ ಬಿಡದ ತಲೆನೋವು ಸೇರಿಕೊಂಡಿದ್ದರೆ, ಕಣ್ಣು ಮಂಜಾಗುತ್ತಿದ್ದರೆ, ಆ ಹುಣ್ಣಿನ ಸಂಗತಿಯನ್ನು ನರರೋಗ ತಜ್ಞರಿಗೆ ತಪ್ಪದೆ ಹೇಳಿ. ಜನನಾಂಗದ ಹುಣ್ಣು ಬಂದಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಸರಿಯಾದ ರೋಗನಿರ್ಣಯ ಅದರ ಮೇಲೆಯೇ ನಿಂತಿರಬಹುದು. ಹಿಂದೆ ಕ್ಷಯ ಬಂದಿತ್ತೇ ಎಂಬುದನ್ನೂ ತಿಳಿಸಿ. ಹೆಪಾರಿನ್ ಶುರು ಮಾಡುವ ಮುನ್ನ ಎದೆಯ ಸ್ಕ್ಯಾನ್ ಆಗಿದೆಯೇ, ಕಣ್ಣಿನ ಒಳಭಾಗವನ್ನು ನೋಡಿದ್ದಾರೆಯೇ ಎಂದು ಕೇಳಿ. ಕೆಮ್ಮಿನಲ್ಲಿ ಒಂದು ಎಳೆ ರಕ್ತ ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ತಲೆನೋವು ನಿಂತಿತೆಂದು ಸ್ಟೀರಾಯ್ಡ್ ಆಗಲಿ ಅಜಥಯೋಪ್ರಿನ್ ಆಗಲಿ ನೀವಾಗಿಯೇ ನಿಲ್ಲಿಸಬೇಡಿ.